ಕೊರಳಿನ ನರ

ಎಂಟು ವರ್ಷದ ಸೌಭಾಗ್ಯಳ ಹೃದಯದ ಕವಾಟ ಕೆಟ್ಟು ಮೈಯಲ್ಲಿ ನೀರು ನಿಂತಿತ್ತು. ಮುಖ, ಕಾಲು ಬಾತು ಏದುಸಿರು ಬಿಡುತ್ತಿದ್ದವಳನ್ನು ಬಳಿಚಕ್ರ ಹಳ್ಳಿಯಿಂದ ಯಾದಗಿರಿಯ ದವಾಖಾನೆಗೆ ತಂದ ದಿನವೇ ಡಾಕ್ಟರ್ ಬಸವೇಶ್ವರಿ ಸ್ಕ್ಯಾನಿಂಗ್‌ನಲ್ಲಿ ಮೈಯಲ್ಲಿ ನೀರು ಹೆಚ್ಚಿದಷ್ಟೂ ಉಬ್ಬುವ ಅವಳ ಕೊರಳಿನ ನರ ಅಳೆದು, ನೀರು ಇಳಿಸುವ ಸೂಜಿ ಹಾಕಿದ್ದರು. ಹೇಳಿದ್ದಕ್ಕಿಂತ ಗುಟುಕೂ ಹೆಚ್ಚು ನೀರು ಕುಡಿಸಬಾರದೆಂದಿದ್ದರು.

ಮರುದಿನ ಮುಂಜಾನೆ ಯಂತ್ರ ಮತ್ತೆ ಮಂಚದ ಬಳಿಗೆ ಬಂತು. ಡಾಕ್ಟರ್ ಮಂಚದ ತಲೆಭಾಗ ಎತ್ತರಿಸಿ, ಹುಡುಗಿಯ ಕೊರಳಿಗೆ ತಣ್ಣನೆಯ ಜೆಲ್ ಹಚ್ಚಿ, ಯಂತ್ರದ ಹಿಡಿಯನ್ನು ತಾಕಿಯೂ ತಾಕದಂತೆ ಇಟ್ಟರು. ಪರದೆಯಲ್ಲಿ ನರ ಕಪ್ಪು ದುಂಡಾಗಿ ಕಾಣಿಸಿತು.

“ನಿನ್ನಿಗಿಂತ ದಪ್ಪ ಆಗ್ಯದ. ಔಷಧ ನಾಟವಲ್ದು. ಕಲಬುರಗಿಗೆ ಕಳಸ್ಬೇಕಾಗ್ತದ.”

“ಹಾದ್ಯಾಗ ಉಸುರು ನಿಂತ್ರ ಏನ್ರಿ ಮೇಡಂ?” ಎಂದಳು ಅಜ್ಜಿ ಹನುಮಮ್ಮ.

“ಆ ಹೆದರಿಕಿ ನನಗೂ ಅದ.”

ತಾಯಿ ಭಾರತಿ ಗೋಡೆಗೆ ಆತು ನಿಂತಿದ್ದಳು. ನಿನ್ನೆ ಮಧ್ಯಾಹ್ನ ಅತ್ತೆ ಸೆರಗಿನಡಿ ತಂಬಿಗೆ ತಂದದ್ದನ್ನು, ಮಗಳು ಗಟಗಟನೆ ಕುಡಿದದ್ದನ್ನು ಆಕೆ ನೋಡಿದ್ದಳು. ಅತ್ತೆಯೆದುರು ಮಾತಾಡಿದವಳಲ್ಲ, ಮುಖ ತಿರುಗಿಸಿಕೊಂಡಿದ್ದಳು. ಈಗ ಅಳುವೂ ಬರಲಿಲ್ಲ, ಅಂಜಿಕೆಯೂ ಆಗಲಿಲ್ಲ.

“ನೀರು ಕುಡಿಸ್ಯಾರ್ರಿ,” ಎಂದಳು, ಕುರಿ ಮೇಯಾಕ ಹೋಗ್ಯಾವ ಎನ್ನುವಷ್ಟು ಸಪ್ಪೆಯಾಗಿ.

“ಯಾರು?”

“ನಮ್ಮ ಅತ್ತಿ. ಎರಡು ತಂಬಗಿ. ನಾ ಬ್ಯಾಡ ಅನ್ಲಿಲ್ರಿ.”

ಹನುಮಮ್ಮ ಸೊಸೆಯನ್ನು ದಿಟ್ಟಿಸಿದಳು. “ಇಕಿಗೂ ಬಾಯಿ ಬಂತು ನೋಡ್ರಿ. ಕುರಿಮರಿಗಿ ಸೈತ ನೀರು ಇಲ್ಲ ಅಂದವರಲ್ಲ ನಾವು. ಕೂಸು ಕೇಳಿದ್ರ ಹ್ಯಾಂಗ ಇಲ್ಲನ್ಲಿ?”

ಡಾಕ್ಟರ್ ಬೈಯಲಿಲ್ಲ. “ಹಂಗಿದ್ರ ಔಷಧದ ತಪ್ಪಲ್ಲ. ಇನ್ನೊಂದು ಸೂಜಿ ಹಾಕ್ತೀನಿ. ಸಂಜಿಕ ನರ ಇಳದಿತ್ತಂದ್ರ ಇಲ್ಲೇ ಇಟ್ಕೋತೀನಿ,” ಎಂದು ಸೂಜಿ ಹಾಕಿ ಹೋದರು.

ಬಿಸಿಲೇರಿತು. “ಆಯಿ, ನೀರು,” ಎಂದು ಸೌಭಾಗ್ಯ ಅಜ್ಜಿಯನ್ನು ಕೇಳಿದಳು. ತಂಬಿಗೆಯತ್ತ ಹೋದ ಹನುಮಮ್ಮನ ಕೈ ಅಲ್ಲೇ ನಿಂತಿತು. ಆಕೆ ಸೊಸೆಯ ಮುಖ ನೋಡಿದಳು. ಭಾರತಿ ತಂಬಿಗೆ ಎತ್ತಿಕೊಂಡು ಹೋಗಿ, ನೀರನ್ನು ಅಂಗಳದ ಬೇವಿನ ಬುಡಕ್ಕೆ ಸುರಿದು ಬಂದಳು. ಒದ್ದೆ ಬಟ್ಟೆಯಿಂದ ಮಗಳ ತುಟಿ ಒರೆಸಿದಳು. ಮಗಳು ಬಟ್ಟೆಯನ್ನೇ ಹಲ್ಲಲ್ಲಿ ಕಚ್ಚಿ ಹೀರತೊಡಗಿದಳು. ಭಾರತಿ ಅದನ್ನೂ ಬಿಡಿಸಿಕೊಂಡಳು.

ಸಂಜೆ ಡಾಕ್ಟರ್ ಅಳೆದು, “ಸಣ್ಣ ಆಗ್ಯದ. ಇಲ್ಲೇ ಇರ್ಲಿ,” ಎಂದರು. ಹನುಮಮ್ಮ ಕೈ ಮುಗಿದಳು. ಸೌಭಾಗ್ಯ ಗೋಡೆಯ ಕಡೆ ಹೊರಳಿದ್ದಳು. ಅವ್ವ ಕರೆದರೂ ತಿರುಗಲಿಲ್ಲ. ಭಾರತಿ ಆಕೆಯ ಕೊರಳಿಗಂಟಿದ ಜೆಲ್ ಒರೆಸಿದಳು.