ಮೂಳೆಗಳ ಮಹಾಸಭೆಗೆ ಇಸ್ತ್ರಿ

ಹಲ್ಲಿನ ಡಾಕ್ಟರಿಗೆ ನರಕದ ಮೇಲೆ ಹಾಡು ಕಟ್ಟುವ ಹುಚ್ಚು ಹಿಡಿದದ್ದು ನಲವತ್ತೆರಡನೇ ವಯಸ್ಸಿನಲ್ಲಿ. ಉಳಿದಿದ್ದಷ್ಟು ಕೂದಲನ್ನು ಉದ್ದ ಬಿಟ್ಟರು, ಕಪ್ಪು ಅಂಗಿ ಹೊಲಿಸಿಕೊಂಡರು, ಹೆವಿ ಮೆಟಲ್ ಸಂಗೀತದ ತಂಡ ಕಟ್ಟಿದರು. ಹಾಡುವುದೆಂದರೆ ಅಲ್ಲಿ ಅರಚುವುದು. ಅದನ್ನು ತಮ್ಮ ರೋಗಿಗಳಿಂದಲೇ ಕಲಿತಿರಬೇಕು. ಗಿಟಾರಿಗೆ ಒಬ್ಬ ವಿಮೆ ಏಜೆಂಟ್, ತನಗೆ ತಾನೇ ‘ಮಿಂಚು’ ಎಂದು ಹೆಸರಿಟ್ಟುಕೊಂಡವನು. ಬೇಸ್ ಗಿಟಾರಿಗೆ ಡಾಕ್ಟರ ಭಾವಮೈದ. ಸಾಮಾನು ಸಾಗಿಸಲು ಅವನ ಹತ್ತಿರ ವ್ಯಾನ್ ಇತ್ತು, ಅರ್ಹತೆ ಅಷ್ಟೇ. ಡ್ರಮ್ಸಿಗೆ ನನ್ನ ತಮ್ಮ, ಇಸ್ತ್ರಿ ಅಂಗಡಿಯವನು. ಆಲ್ಬಮ್ಮಿನ ಹೆಸರು ‘ಮೂಳೆಗಳ ಮಹಾಸಭೆ’. ರೆಕಾರ್ಡ್ ಮಾಡಿದವಳು ನಾನು.

ಸ್ಟುಡಿಯೋದಲ್ಲಿ ಎಲ್ಲರೂ ಒಟ್ಟಿಗೆ ನುಡಿಸುವುದಿಲ್ಲ. ಮೊದಲು ಡ್ರಮ್ಸ್, ಅದರ ಮೇಲೆ ಬೇಸ್, ಆಮೇಲೆ ಗಿಟಾರ್, ಕೊನೆಗೆ ದನಿ. ಒಬ್ಬೊಬ್ಬರೇ ಬಂದು ಗಾಜಿನ ಕೋಣೆಯೊಳಗೆ ತಮ್ಮ ಪಾಲು ಮುಗಿಸಿ ಹೋಗುತ್ತಾರೆ. ನನ್ನ ತಮ್ಮ ವರ್ಷವಿಡೀ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಇಸ್ತ್ರಿ ಮೇಜಿನ ಮೇಲೆ ಕೋಲು ಬಡಿದು ಕಲಿತಿದ್ದ. ಎಂಟೂ ಹಾಡುಗಳನ್ನು ಒಂದೇ ಬೆಳಿಗ್ಗೆ ಬಾರಿಸಿ, ಬೆವರು ಒರೆಸಿಕೊಂಡು ಅಂಗಡಿ ತೆರೆಯಲು ಹೋದ.

ಮಿಂಚು ತನ್ನ ಪಾಲನ್ನು ಅರ್ಧ ವೇಗದಲ್ಲಿ, ಒಂದೇ ಹಾಡಿಗೆ ನಲವತ್ತೊಂದು ತುಂಡು ಮಾಡಿ ನುಡಿಸಿದ. “ಮೇಡಂ, ಇದನ್ನ ಸ್ವಲ್ಪ ಸರಿ ಮಾಡ್ಬಿಡಿ. ಉಳಿದವ್ರಿಗೆ ಹೇಳ್ಬೇಡಿ, ಬೇಜಾರ್ ಮಾಡ್ಕೋತಾರೆ” ಎಂದ. ಭಾವಮೈದ ಬಂದು ಅದನ್ನೇ ಹೇಳಿದ. ಡಾಕ್ಟರೂ ಬಾಗಿಲು ಹಾಕಿಕೊಂಡು ಅದನ್ನೇ ಹೇಳಿದರು. ನಾನು ಮೂವರಿಗೂ ಮಾತು ಕೊಟ್ಟೆ. ತುಂಡು ಜೋಡಿಸಿ, ವೇಗ ಏರಿಸಿ, ಸುಕ್ಕೆಲ್ಲ ತೆಗೆದೆ. ನನ್ನ ತಮ್ಮ ಬಟ್ಟೆಗೆ ಇಸ್ತ್ರಿ ಹಾಕಿದರೆ ನಾನು ಸುಳ್ಳಿಗೆ ಹಾಕಿದೆ, ಅಷ್ಟೇ ವ್ಯತ್ಯಾಸ. ಆಲ್ಬಮ್ ಕೇಳಿದ ದಿನ ಮೂವರೂ ಒಬ್ಬರನ್ನೊಬ್ಬರು ಬಾಯಿ ತುಂಬ ಹೊಗಳಿಕೊಂಡರು. ಪ್ರತಿಯೊಬ್ಬನಿಗೂ ಕಳ್ಳ ತಾನೊಬ್ಬನೇ ಎಂಬ ನಂಬಿಕೆ.

ಬಿಡುಗಡೆಯ ಕಾರ್ಯಕ್ರಮಕ್ಕೆ ಐದು ದಿನವಿದ್ದಾಗ ನಾಲ್ವರೂ ಸ್ಟುಡಿಯೋಗೆ ಅಭ್ಯಾಸಕ್ಕೆ ಬಂದರು. ಮೊದಲ ಹಾಡು ಅರ್ಧ ನಿಮಿಷದಲ್ಲೇ ಮಗುಚಿಕೊಂಡಿತು. ಎರಡನೆಯದೂ ಅಷ್ಟೇ. ಡಾಕ್ಟರು ಕೆಮ್ಮಿ ಗಂಟಲು ಸರಿ ಮಾಡಿಕೊಂಡರು.

“ರೆಕಾರ್ಡಲ್ಲಿ ನಾವೆಲ್ಲಾ ಸರಿಯಾಗೇ ನುಡಿಸಿದೀವಿ. ಈಗ ತಪ್ತಿದೆ ಅಂದ್ರೆ ಡ್ರಮ್ಸೇ ತಪ್ತಿರಬೇಕು. ಬೇರೆ ಯಾರನ್ನಾದ್ರೂ ನೋಡೋಣ.”

ಮಿಂಚೂ ಭಾವಮೈದನೂ ಆಗಲೇ ತಲೆಯಾಡಿಸಿದ್ದರು. ಆ ತಂಡ ಬಿಟ್ಟರೆ ನನ್ನ ತಮ್ಮನಿಗೆ ಬೇರೆ ಸುಖವಿಲ್ಲ. ಆದರೂ ಅವನು ಕೋಲುಗಳನ್ನು ಚೀಲಕ್ಕೆ ಹಾಕುತ್ತ, “ಇರಬಹುದು ಡಾಕ್ಟ್ರೇ, ನಂದೇ ತಪ್ಪಿರಬಹುದು” ಎಂದ.

ನನಗೆ ಮೈಯೆಲ್ಲ ಉರಿಯಿತು. ಕೊಟ್ಟ ಮಾತು ಹಾಳಾಗಿ ಹೋಗಲಿ ಎಂದು ತಿದ್ದದ ರೆಕಾರ್ಡನ್ನೇ ಹಾಕಿದೆ. ಮಿಂಚಿನ ಗಿಟಾರು ಏದುಸಿರು ಬಿಡುತ್ತ ಬಂತು, ನಡುವೆ ಎರಡು ಸಲ “ಅಯ್ಯೋ ಅಮ್ಮಾ” ಎಂದಿತು. ಭಾವಮೈದನ ಬೇಸಿನಲ್ಲಿ ಇಡೀ ಹಾಡಿಗೆ ಐದೇ ಸ್ವರ. ಡಾಕ್ಟರ ನರಕದ ಆರ್ಭಟ ಕೆಮ್ಮಿನಲ್ಲಿ ಮುಗಿದು, “ಸ್ವಲ್ಪ ಬಿಸಿನೀರು ಸಿಗುತ್ತಾ” ಎಂದು ಕೇಳಿತು. ಕೊನೆಗೆ ಡ್ರಮ್ಸ್, ಮೊದಲಿಂದ ಕೊನೆವರೆಗೂ ಒಂದೇ ಉಸಿರಿನಲ್ಲಿ.

ಮೂವರ ಮುಖವೂ ಹುಳ್ಳಗಾಯಿತು. “ನೀವೂನಾ?” ಎಂದು ಒಬ್ಬರನ್ನೊಬ್ಬರು ಕೇಳಿಕೊಂಡರು. ಈಗ ತಮ್ಮನ ಕ್ಷಮೆ ಕೇಳುತ್ತಾರೆ ಎಂದುಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕಬೇಕು.

ಡಾಕ್ಟರು ಯೋಚಿಸಿ ಹೇಳಿದರು: “ಒಂದ್ ಕೆಲ್ಸ ಮಾಡೋಣ. ಅವತ್ತು ರೆಕಾರ್ಡ್ ಹಾಕಿ ಎಲ್ರೂ ನುಡಿಸೋ ಹಾಗೆ ನಟಿಸೋಣ. ನೀನೂ ಅಷ್ಟೇ ಕಣಪ್ಪಾ, ಡ್ರಮ್ ಮುಟ್ಟಬೇಡ. ನೀನೊಬ್ಬ ನಿಜವಾಗ್ ಬಾರಿಸಿದ್ರೆ ನಮ್ಮ ಬಣ್ಣ ಬಯಲಾಗುತ್ತೆ.”

“ನಂಗೆ ನಟಿಸೋಕೆ ಬರಲ್ಲ, ಡಾಕ್ಟ್ರೇ.”

“ಬರುತ್ತೆ, ಅಭ್ಯಾಸ ಬೇಕಷ್ಟೇ. ನಾವು ಕಲೀಲಿಲ್ವಾ?”

ತಮ್ಮ ಎದ್ದು ನನ್ನ ಪಕ್ಕ ಬಂದ. ಅವನ ಕಣ್ಣು ಕೆಂಪಾಗಿತ್ತು. “ಅಕ್ಕಾ, ಆ ರೆಕಾರ್ಡೊಳಗಿಂದ ನಂದಷ್ಟೂ ತೆಗೆದು ನಂಗೆ ಕೊಡು. ಅಂಗಡೀಲಿ ಹಾಕ್ಕೊಂಡು ಕೇಳ್ತೀನಿ.”

ಮೇಡಂ, ಮೇಡಂ ಎಂದು ಮೂವರೂ ಎದ್ದರು. ಅವರ ಎದುರಿಗೇ ಎಂಟು ಹಾಡಿನ ಡ್ರಮ್ಸ್ ಬಿಡಿಸಿ ಪೆನ್‌ಡ್ರೈವಿಗೆ ಹಾಕಿ, ನನ್ನಲ್ಲಿದ್ದದ್ದನ್ನು ಅಳಿಸಿ, ಅವನ ಕೈಗೆ ಕೊಟ್ಟೆ. ಅವನು ಚೀಲ ಹೆಗಲಿಗೇರಿಸಿ ಹೊರಟುಹೋದ. ಉಳಿದದ್ದನ್ನು ಹಾಕಿದೆ. ನಾನು ಅಷ್ಟು ಗರಿಗರಿ ಮಾಡಿದ್ದ ಗಿಟಾರುಗಳೂ ಆರ್ಭಟವೂ ಎತ್ತ ಹೋಗಬೇಕೆಂದು ತಿಳಿಯದೆ ಕೋಣೆಯೊಳಗೆ ತಡಕಾಡಿದವು. ಮೂವರೂ ಬಹಳ ಹೊತ್ತು ತಲೆ ತಗ್ಗಿಸಿ ಕೇಳಿದರು.

“ಮೇಡಂ,” ಎಂದರು ಡಾಕ್ಟರು ಕೊನೆಗೆ, “ನನ್ನ ದನಿ ಸ್ವಲ್ಪ ಜೋರು ಮಾಡಿ ನೋಡಿ.”