ಮದ್ದಮ್ಮನ ಮೂಗು

"ಅತ್ತೆ, ಕಷಾಯ ಸೀದು ಹೋಗ್ತಾ ಇದೆ! ಪಕ್ಕದಲ್ಲೇ ಕೂತಿದ್ದೀರಲ್ಲ, ಗೊತ್ತಾಗ್ಲಿಲ್ವಾ?"

ಸೊಸೆ ಸೆರಗಿನಿಂದ ಮೂಗು ಮುಚ್ಚಿಕೊಂಡೇ ಬಂದು ಒಲೆ ಆರಿಸಿದಳು. ಪಾತ್ರೆಯ ತಳಕ್ಕೆ ಬೇರುಗಳು ಕರಕಲಾಗಿ ಅಂಟಿಕೊಂಡಿದ್ದವು. ಒಲೆಗೆ ಬೆನ್ನು ಹಾಕಿ ಎಲೆ ಬಿಡಿಸುತ್ತಿದ್ದ ಮದ್ದಮ್ಮ ತಿರುಗಿ ನೋಡಿದರೆ ಮನೆ ತುಂಬ ಹೊಗೆ. "ಏನೋ ಯೋಚನೇಲಿದ್ದೆ" ಎಂದು ತೇಲಿಸಿಬಿಟ್ಟಳು.

ಯೋಚನೆಯೂ ಇಲ್ಲ, ಮಣ್ಣೂ ಇಲ್ಲ. ಮೂರು ವಾರದ ಹಿಂದೆ ಬಂದ ಜ್ವರ ಹೋಗುವಾಗ ಅವಳ ಮೂಗನ್ನೂ ಕರೆದುಕೊಂಡು ಹೋಗಿತ್ತು. ಇವತ್ತು ಸರಿಯಾದೀತು, ನಾಳೆ ಸರಿಯಾದೀತು ಎಂದು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಬಿಡುವುದಾದರೂ ಹೇಗೆ? ಜನ ಆಸ್ಪತ್ರೆಯ ಸಾಲು ಬಿಟ್ಟು ಅವಳ ಮನೆಯ ಮೆಟ್ಟಿಲು ಹತ್ತುತ್ತಿದ್ದುದೇ ಆ ಮೂಗನ್ನು ನಂಬಿ. ಗೂಡಿನಲ್ಲಿ ನಲವತ್ತು ಡಬ್ಬಿ, ಎಲ್ಲವೂ ಒಂದೇ ಅಳತೆ, ಒಂದರ ಮೇಲೂ ಹೆಸರಿಲ್ಲ. ಹೆಸರು ಬರೆದಿಟ್ಟರೆ ಕಂಡಕಂಡವರೆಲ್ಲ ವೈದ್ಯರಾಗಿಬಿಡುತ್ತಾರೆ ಎಂದು ಅವಳ ಅಜ್ಜಿ ಬರೆಯಲಿಲ್ಲ, ಅಮ್ಮ ಬರೆಯಲಿಲ್ಲ, ಅವಳೂ ಬರೆಯಲಿಲ್ಲ. ಮುಚ್ಚಳ ತೆಗೆದು ಒಮ್ಮೆ ಮೂಸಿ ಆಮೇಲೆ ಪೊಟ್ಟಣ ಕಟ್ಟುವುದು ಆ ಮನೆಯ ಪದ್ಧತಿ. ಮೂಗು ಕೈಕೊಟ್ಟ ಮೇಲೂ ಜನರೆದುರು ಮೂಸುವುದನ್ನು ಅವಳು ಬಿಟ್ಟಿರಲಿಲ್ಲ. ಯಾವ ಡಬ್ಬಿ ಎಲ್ಲಿದೆ ಎಂದು ಕೈಗೆ ಗೊತ್ತಿತ್ತಲ್ಲ, ಅದರಲ್ಲೇ ದಿನ ದೂಡುತ್ತಿದ್ದಳು.

ಸೊಸೆ ಕಿಟಕಿ ತೆರೆಯುತ್ತ ಗೊಣಗಿದಳು. "ನಿನ್ನೆ ಸಂಜೆ ತಾನೆ ನಿಮ್ಮ ಗೂಡು ಒರೆಸಿದ್ದೆ. ಮತ್ತೆ ಮಸಿ ಹಿಡೀತು."

ಮದ್ದಮ್ಮನ ಕೈ ನಿಂತಿತು. "ಡಬ್ಬಿ ಎಲ್ಲ ಇಳಿಸಿದ್ಯಾ?"

"ಇಳಿಸ್ದೆ ಒರೆಸೋಕಾಗತ್ತಾ? ನೀವು ಸೊಪ್ಪು ತರೋಕೆ ಹೋಗಿದ್ರಿ. ಜಿರಳೆ ಸಂಸಾರಾನೇ ಇತ್ತು ಅಲ್ಲಿ."

"ಇದ್ದ ಜಾಗದಲ್ಲೇ ವಾಪಸ್ ಇಟ್ಟೆ ತಾನೆ?"

"ಯಾವುದರ ಜಾಗ ಯಾವುದು ಅಂತ ನಂಗೇನು ಗೊತ್ತು? ನಾನು ಕೆಲಸ ಮಾಡೋ ಅಂಚೆ ಕಚೇರೀಲಿ ವಿಳಾಸ ಇಲ್ಲದ ಕಾಗದ ಒಂದು ಹೆಜ್ಜೆ ಮುಂದೆ ಹೋಗಲ್ಲ. ನೀವು ಹೇಗಿದ್ರೂ ಮೂಸಿ ನೋಡ್ತೀರಲ್ಲ ಅಂದ್ಕೊಂಡೆ."

ಬೆಳಿಗ್ಗೆಯಿಂದ ನಾಲ್ಕು ಪೊಟ್ಟಣ ಹೋಗಿದ್ದವು. ಮೂರು ಕೆಮ್ಮಿಗೆ. ನಾಲ್ಕನೆಯದು ಬೇಕರಿಯವನ ಮಗಳಿಗೆ, ಮೂರು ತಿಂಗಳ ಬಸುರಿಗೆ, ವಾಂತಿ ನಿಲ್ಲಲೆಂದು ಒಣಶುಂಠಿ ಪುಡಿ. ಮದ್ದಮ್ಮ ಎದ್ದು, ಆ ಪುಡಿ ತೆಗೆದಿದ್ದ ಮೇಲಿನ ಸಾಲಿನ ಎರಡನೇ ಡಬ್ಬಿ ಇಳಿಸಿ ಸೊಸೆಯ ಮುಖಕ್ಕೆ ಹಿಡಿದಳು.

"ಮೂಸಿ ಹೇಳು. ಶುಂಠಿನಾ?"

"ಛೀ, ಹಳೇ ಚಪ್ಪಲಿ ಥರ ಇದೆ." ಸೊಸೆ ಅತ್ತೆಯ ಮುಖ ನೋಡಿದಳು. "ಅತ್ತೆ, ನಿಮ್ಗೆ ವಾಸನೆ...?"

"ಬರಲ್ಲ. ಜ್ವರ ಬಂದಾಗಿಂದ ಏನೂ ಬರಲ್ಲ. ಚಪ್ಪಲಿ ವಾಸನೆ ಅಂದ್ರೆ ಇದು ಹೊಟ್ಟೆ ತೊಳೆಯೋ ಬೇರಿನ ಪುಡಿ, ಬಸುರಿಯರು ನಾಲಗೆಗೂ ತಾಗಿಸಬಾರದು. ಊಟ ಆದ್ಮೇಲೆ ತಗೋ ಅಂದಿದ್ದೀನಿ. ಫೋನ್ ಹಚ್ಚು."

ಬೇಕರಿಯ ಫೋನು ಬಡಿದುಕೊಂಡೇ ಇತ್ತು, ಯಾರೂ ಎತ್ತಲಿಲ್ಲ. ಮದ್ದಮ್ಮ ಆಗಲೇ ಚಪ್ಪಲಿ ಮೆಟ್ಟಿ ಬೀದಿಗಿಳಿದಿದ್ದಳು. ಮಂಡಿ ನೋವೆಂದು ವರ್ಷದಿಂದ ಎರಡು ಬೀದಿ ದಾಟದವಳು ಮಧ್ಯಾಹ್ನದ ಬಿಸಿಲಲ್ಲಿ ದಾಪುಗಾಲು ಹಾಕಿದಳು. ಆ ಹುಡುಗಿ ಹುಟ್ಟಿದ ವಾರವೇ ಅವಳ ಹೊಟ್ಟೆನೋವಿಗೆ ಮದ್ದು ಅರೆದುಕೊಟ್ಟವಳು ತಾನು. ಕಾಲು ಮುರಿದರೂ ಸರಿ, ನಿಲ್ಲಬಾರದು ಎಂದುಕೊಂಡಳು. ಸೊಸೆ ಹಿಂದಿನಿಂದ ಓಡುತ್ತಿದ್ದಳು.

ಬೇಕರಿಯವನು ಒಲೆಯಿಂದ ಬ್ರೆಡ್ಡಿನ ತಟ್ಟೆ ಎಳೆಯುತ್ತಿದ್ದ. ಬೀದಿ ನಾಯಿಗಳು ಬಾಗಿಲಲ್ಲೇ ನಿಂತಿದ್ದವು. ಮದ್ದಮ್ಮನಿಗೆ ಬಿಸಿ ತಾಗಿತು, ಮತ್ತೇನೂ ತಾಗಲಿಲ್ಲ.

"ಬನ್ನಿ ಅಮ್ಮ, ಬನ್ನಿ! ಈಗಷ್ಟೇ ಊಟ ಮುಗಿಸಿದ್ಲು. ಮದ್ದು ಕಲಸ್ಕೊಳ್ತಾ ಇದ್ದಾಳೆ."

ಒಳಕೋಣೆಯಲ್ಲಿ ಹುಡುಗಿ ಲೋಟದಲ್ಲಿ ಚಮಚ ತಿರುಗಿಸುತ್ತಿದ್ದಳು. ಕೆನ್ನೆ ಒಳಸೇರಿತ್ತು. ಮದ್ದಮ್ಮ ಲೋಟ ಕಸಿದುಕೊಂಡು ಮೋರಿಗೆ ಸುರಿದಳು. ಉಸಿರು ಸಿಕ್ಕಿದ್ದು ಆಮೇಲೆ.

"ಕುಡಿದ್ಯಾ?"

"ಇಲ್ಲ ಅಜ್ಜಿ. ಏನಾಯ್ತು?"

ಸೊಸೆ ಥಟ್ಟನೆ ನಡುವೆ ಬಂದಳು. "ಏನಿಲ್ಲ, ಪುಡಿ ಸ್ವಲ್ಪ ಹಳೇದು. ಅತ್ತೆಗೆ ಸಮಾಧಾನ ಆಗ್ಲಿಲ್ಲ, ಬದಲಾಯಿಸೋಣ ಅಂತ ಬಂದ್ರು."

ಬೇಕರಿಯವನ ಮುಖ ಅರಳಿತು. "ನೋಡು ಮಗಳೇ, ಈ ಬಿಸಿಲಲ್ಲಿ ನಡ್ಕೊಂಡು ಬಂದಿದ್ದಾರೆ! ಯಾವ ಡಾಕ್ಟ್ರು ಬರ್ತಾನೆ ಹೀಗೆ? ಹೊಸ ಪುಡಿ ಕೊಡಿ ಅಮ್ಮ. ಹತ್ತು ದಿನ ಆಯ್ತು, ನೀರು ಕುಡಿದ್ರೂ ಕಕ್ಕೊಳ್ತಾಳೆ. ಆಸ್ಪತ್ರೆಗೆ ಹೋಗ್ತೀನಿ ಅಂದ್ಲು, ಮದ್ದಮ್ಮ ಇರೋವಾಗ ಯಾಕೆ ಅಂದೆ."

ಸುಳ್ಳು ಸಲೀಸಾಗಿ ಕೂತುಬಿಟ್ಟಿತ್ತು. ತಲೆಯಾಡಿಸಿ ಬಂದಿದ್ದರೆ ನಾಳೆಯೂ ಮೆಟ್ಟಿಲ ಮೇಲೆ ಜನ ಇರುತ್ತಿದ್ದರು. ಮದ್ದಮ್ಮ ಹುಡುಗಿಯ ಒಣಗಿದ ತುಟಿ ನೋಡಿದಳು. ತನ್ನ ಮೇಲೆ ತನಗೇ ಅಸಹ್ಯವಾಯಿತು.

"ಹಳೇದೂ ಅಲ್ಲ, ಹೊಸದೂ ಅಲ್ಲ. ಬೇರೆ ಪುಡಿ ಕೊಟ್ಟಿದ್ದೆ. ಕುಡಿದಿದ್ರೆ ಹೊಟ್ಟೇಲಿರೋದಕ್ಕೆ ಅಪಾಯ ಆಗ್ತಿತ್ತು. ನಂಗೆ ಮೂಗು ಸತ್ತು ಮೂರು ವಾರ ಆಯ್ತಪ್ಪ. ಸುಮ್ನೆ ಮೂಸೋ ಹಾಗೆ ನಾಟಕ ಆಡ್ತಿದ್ದೆ."

ಬೇಕರಿಯವನು ಕೈಯಲ್ಲಿದ್ದ ಬಟ್ಟೆಯನ್ನು ಮೇಜಿನ ಮೇಲೆ ಎಸೆದ. "ಮೊದಲೇ ಹೇಳೋಕೆ ಏನಾಗಿತ್ತು ನಿಮ್ಗೆ?"

"ನಾಚಿಕೆ ಆಗಿತ್ತು."

ಹುಡುಗಿ ನಡುವೆ ಕೇಳಿದಳು. "ಮೂಗಿಗೆ ಏನು ಮಾಡಿದ್ರಿ ಅಜ್ಜಿ?"

"ಕಷಾಯ ಮಾಡ್ಕೊಂಡು ಕುಡಿದೆ."

"ಯಾವ ಡಬ್ಬಿಯಿಂದ?"

ಕೇಳಿದ ಹುಡುಗಿಗೇ ನಗು ಬಂತು, ನಗುತ್ತಲೇ ಕಣ್ಣಲ್ಲಿ ನೀರೂ ಬಂತು. ಮದ್ದಮ್ಮ ಅವಳ ತಲೆ ಸವರಿ ಬೇಕರಿಯವನ ಕಡೆ ತಿರುಗಿದಳು. "ಒಲೆ ಆರಿಸು. ಈಗಲೇ ಆಸ್ಪತ್ರೆಗೆ ಕರ್ಕೊಂಡು ಹೋಗು. ಮೈಯಲ್ಲಿ ನೀರೇ ಉಳಿದಿಲ್ಲ ಇವಳಿಗೆ." ಅವನು ಅವಳನ್ನು ನೋಡದೆಯೇ ಅಂಗಿ ಹಾಕಿಕೊಂಡ.

ಬೀದಿಗೆ ಬಂದ ಮೇಲೆ ಸೊಸೆ ಮೆಲ್ಲಗೆ ಅಂದಳು. "ಉಳಿದ ಮೂರು ಮನೆಗೆ ನಾನೇ ಹೋಗ್ಬರ್ತೀನಿ ಅತ್ತೆ. ಏನೋ ಒಂದು ಹೇಳಿ ಪೊಟ್ಟಣ ಇಸ್ಕೊಂಡ್ರಾಯ್ತು. ನೀವು ಮನೇಲಿರಿ."

"ಏನೋ ಒಂದು ಹೇಳೋದು ಬೇಡ. ಕೊಟ್ಟಿದ್ದು ನನ್ನ ಕೈ, ಕೇಳಬೇಕಾದ್ದು ನನ್ನ ಬಾಯಿ. ನಡಿ."

ಹತ್ತಿರದ್ದು ಡ್ರಿಲ್ ಮೇಷ್ಟ್ರ ಮನೆ. ಅವರಲ್ಲಿ ಅವತ್ತು ಬೀಗರು ಬಂದಿದ್ದರು, ಹಜಾರ ತುಂಬಿತ್ತು. ಪೊಟ್ಟಣ ಇನ್ನೂ ಬಿಚ್ಚದೆ ಕಿಟಕಿಯ ಮೇಲಿದ್ದುದನ್ನು ಮದ್ದಮ್ಮ ಬಾಗಿಲಿಂದಲೇ ಕಂಡಳು. ಮೇಷ್ಟ್ರು ಎದ್ದು ನಿಂತು ಕೆಮ್ಮುತ್ತಲೇ ಸಾರಿದರು. "ನಾನು ಹೇಳ್ತಿದ್ನಲ್ಲ, ಇವರೇ ನಮ್ಮ ಮದ್ದಮ್ಮ! ನಲವತ್ತು ವರ್ಷದಲ್ಲಿ ಒಂದು ದಿನ ತಪ್ಪಿದವರಲ್ಲ." ಬೀಗರೆಲ್ಲ ಗೌರವದಿಂದ ಎದ್ದರು. ಯಾರೋ ಕುರ್ಚಿ ಎಳೆದು ಹಜಾರದ ನಡುವೆ ಇಟ್ಟರು.

"ಕೂತ್ಕೊಳ್ಳಿ ಅಮ್ಮ."

"ನಾನು ನಿಂತಿರ್ತೀನಿ," ಮದ್ದಮ್ಮ ಅಂದಳು. "ನೀವೆಲ್ಲ ಕೂತ್ಕೊಳ್ಳಿ. ಒಂದು ವಿಷಯ ಹೇಳೋದಿದೆ."

ಒಬ್ಬೊಬ್ಬರಾಗಿ ಎಲ್ಲರೂ ಕೂತರು. ನಡುವೆ ಆ ಕುರ್ಚಿಯೊಂದು ಖಾಲಿ ಉಳಿಯಿತು.