ಶನಿವಾರದ ಅಕ್ಕಿಚೀಲ

ಚಂಡಮಾರುತ ಬಂದುಹೋದ ವಾರ ವಿಶಾಖಪಟ್ಟಣದಲ್ಲಿ ಕರೆಂಟಿರಲಿಲ್ಲ. ಆದ್ದರಿಂದ ಲಿಫ್ಟಿಲ್ಲ, ನಲ್ಲಿಯಲ್ಲಿ ನೀರಿಲ್ಲ. ಟ್ಯಾಂಕರಿನಿಂದ ಹಿಡಿದ ಬಕೆಟ್ ಹೊತ್ತು ಮೆಟ್ಟಿಲೇರುತ್ತಿದ್ದ ಹೇಮಾಕ್ಷಿಯ ಕೈ ಎರಡನೆಯ ಮಹಡಿಯಲ್ಲಿ ಸೋತಿತು. ಬಕೆಟ್ ಮೆಟ್ಟಿಲಿನಿಂದ ಮೆಟ್ಟಿಲಿಗೆ ಉರುಳಿ ಕಾವಲುಗಾರನ ಕಾಲಬಳಿ ನಿಂತಿತು. ಅವಳ ಗಂಡ ಕೃಷ್ಣಪ್ರಸಾದ ಈ ಪ್ರಸಂಗವನ್ನು ಕಂಡಕಂಡವರಿಗೆಲ್ಲ ಹೇಳಿ ನಗಿಸಿದ. ಹೇಳಿದಷ್ಟು ಸಲವೂ ಅದು ಇನ್ನೊಂದು ಮಹಡಿ ಮೇಲಿನಿಂದ ಬೀಳುತ್ತಿತ್ತು. ಹೇಮಾಕ್ಷಿ ನಗಲಿಲ್ಲ, ಮರೆಯಲೂ ಇಲ್ಲ.

ಹೊಸ ರಾಜಧಾನಿಯ ಕಾರಣ ಅವನ ಕಚೇರಿ ವಿಜಯವಾಡಕ್ಕೆ ಬಂತು. ಸಂಸಾರ ಅಲ್ಲಿನ ಪಟಮಟ ಬಡಾವಣೆಯ ಬಾಡಿಗೆಮನೆಗೆ ಬಂತು. ಬಕೆಟ್ಟಿನ ಕಥೆಯೂ ಜೊತೆಗೇ ಬಂತು. ಅಲ್ಲಿ ಅತ್ತೆ ಸೂರ್ಯಕಾಂತಮ್ಮ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಗಿ, ವಾಕರ್ ಹಿಡಿದು ನಡೆಯುವಷ್ಟಾದರು. ಆದರೆ ಕುಳಿತಲ್ಲಿಂದ ಏಳಬೇಕಾದರೆ ಯಾರಾದರೂ ಎತ್ತಬೇಕು.

ವಿಶಾಖಪಟ್ಟಣದಿಂದ ಮೈದುನ ಬಾಬ್ಜಿ ಬಂದು, ತಾಯಿಯ ಎದುರಿಗೇ ತೀರ್ಮಾನ ಹೇಳಿದ.

"ಹಗಲು ಅಣ್ಣ ಆಫೀಸಲ್ಲಿರ್ತಾನೆ. ಅಮ್ಮನ್ನ ಎತ್ತೋರ್ಯಾರು? ಮಂಗಳಗಿರಿ ಹತ್ತಿರ ಒಂದು ವೃದ್ಧಾಶ್ರಮ ನೋಡಿದೀನಿ, ಶುಭ್ರಂಗಾ ಇದೆ. ಸಂಕ್ರಾಂತಿ ಆದಮೇಲೆ ಸೇರಿಸೋಣ."

"ನಾನು ಎತ್ತುತೀನಿ," ಎಂದಳು ಹೇಮಾಕ್ಷಿ.

ಬಾಬ್ಜಿ ಅಣ್ಣನ ಮುಖ ನೋಡಿ, ಅತ್ತಿಗೆಯ ಕಡೆ ತಿರುಗಿದ. "ವದಿನಾ, ಅಮ್ಮ ಬಕೆಟ್ ಅಲ್ಲಂಡಿ."

ಅಣ್ಣತಮ್ಮಂದಿರು ಒಟ್ಟಿಗೆ ನಕ್ಕರು. ಸೂರ್ಯಕಾಂತಮ್ಮ ಕಿಟಕಿಯ ಕಡೆ ಮುಖ ತಿರುಗಿಸಿದರು.

ಹೇಮಾಕ್ಷಿಗೆ ಅತ್ತೆಯ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ. ಬಳ್ಳಾರಿಯಿಂದ ಬಂದು ತೆಲುಗು ಮನೆ ಸೇರಿದ್ದ ಆಕೆ, ಚಿತ್ರದುರ್ಗದಿಂದ ಸೊಸೆ ತಂದ ಮೇಲೆ, ತಾವು ಪಟ್ಟದ್ದನ್ನೆಲ್ಲ ಚಾಚೂ ತಪ್ಪದೆ ಅವಳಿಗೂ ಪಡಿಸಿದ್ದರು. ಆದರೆ ಬದುಕಿರುವ ಹೆಂಗಸನ್ನು ಬೀರುವಿನಂತೆ ಎಲ್ಲಿಡೋಣವೆಂದು ಅವಳ ಮುಂದೆಯೇ ಮಾತಾಡಿದ್ದು ಹೇಮಾಕ್ಷಿಯ ಹೊಟ್ಟೆಗೆ ಬೆಂಕಿ ಇಟ್ಟಿತು.

ಅತ್ತೆಗೆ ವ್ಯಾಯಾಮ ಮಾಡಿಸಲು ಬರುತ್ತಿದ್ದ ಅಖಿಲಾ ದಾವಣಗೆರೆಯ ಹುಡುಗಿ, ಫಿಸಿಯೋಥೆರಪಿಸ್ಟ್. ಹೇಮಾಕ್ಷಿ ಅವಳನ್ನು ಅಡುಗೆಮನೆಗೆ ಕರೆದಳು.

"ನನಗೂ ಹೇಳಿಕೊಡು. ಸಂಕ್ರಾಂತಿಯೊಳಗೆ ಅವರನ್ನ ನೆಲದಿಂದ ಎತ್ತಬೇಕು."

"ಸಿಟ್ಟಲ್ಲಿ ಎತ್ತಿದ್ರೆ ಬೆನ್ನು ಹೋಗುತ್ತೆ ಆಂಟಿ. ನಾನು ಹೇಳಿದ ಕ್ರಮದಲ್ಲೇ ಮಾಡ್ತೀರಾ?"

"ಸಿಟ್ಟು ಇಟ್ಕೊಂಡೇ ಕ್ರಮವಾಗಿ ಮಾಡ್ತೀನಿ."

ಕ್ರಮ ಸರಳ, ಆದರೆ ನಿಷ್ಠುರ. ಮೊದಮೊದಲು ಕುರ್ಚಿಯಿಂದ ಕೈಯೂರದೆ ಏಳುವುದು, ಗೋಡೆಗೆ ಅಂಗೈಯಿಟ್ಟು ತಳ್ಳುವುದು. ಬಳಿಕ ಅಕ್ಕಿಚೀಲ: ಮಂಡಿ ಮಡಿಸಿ, ಬೆನ್ನು ನೆಟ್ಟಗಿಟ್ಟು, ಎದೆಗವಚಿ ಎತ್ತುವುದು. ಚೀಲದ ಅಕ್ಕಿ ವಾರವಾರವೂ ಹೆಚ್ಚಬೇಕು. ಅತಿ ಭಾರ ಶನಿವಾರ. ಭಾನುವಾರ ಪೂರ್ತಿ ವಿಶ್ರಾಂತಿ.

ಕೃಷ್ಣಪ್ರಸಾದ ಪೇಪರಿನ ಹಿಂದಿನಿಂದ "ಒಲಿಂಪಿಕ್ಸಿಗಾ?" ಎನ್ನುತ್ತಿದ್ದ. ಭಾನುವಾರ ಅವಳು ಕುಳಿತರೆ "ಪೈಲ್ವಾನರಿಗೆ ರಜೆಯಾ?" ಎನ್ನುತ್ತಿದ್ದ. ಅವಳು ಹಲ್ಲು ಕಚ್ಚಿದಳೇ ಹೊರತು ಕ್ರಮ ಬಿಡಲಿಲ್ಲ. ತೋಳು ಗಟ್ಟಿಯಾಯಿತು. ತುಂಬಿದ ಸಿಲಿಂಡರನ್ನು ತಾನೇ ಸರಿಸಿದ ದಿನ ಯಾರಿಗೂ ಹೇಳಲಿಲ್ಲ.

ದೀಪಾವಳಿ ಕಳೆದ ಒಂದು ಶನಿವಾರ ಚೀಲ ಎದೆಯವರೆಗೆ ಬಂತು, ಕಣ್ಣಿಗೆ ಕತ್ತಲೆಯೂ ಬಂತು. ಎಚ್ಚರವಾದಾಗ ಸುತ್ತಲೂ ಅಕ್ಕಿ ಚೆಲ್ಲಿತ್ತು. ಗಂಡ ಆಗಲೇ ಫೋನಿನಲ್ಲಿದ್ದ.

"ಬಾಬ್ಜಿ, ಮುಂದಿನ ಶನಿವಾರವೇ ಕಾರು ತಗೊಂಡು ಬಾ. ಸಂಕ್ರಾಂತಿವರೆಗೆ ಕಾದರೆ ಇಬ್ಬರನ್ನೂ ಸೇರಿಸಬೇಕಾಗುತ್ತೆ."

ಸಂಜೆ ಬಂದ ಅಖಿಲಾ, "ಬೆಳಿಗ್ಗೆಯಿಂದ ಏನು ತಿಂದಿದೀರಿ?" ಎಂದು ಕೇಳಿದಳು.

"ಶನಿವಾರ ಅಲ್ವಾ? ರಾತ್ರಿಗೆ ಉಪ್ಪಿಟ್ಟು, ಅಷ್ಟೇ."

"ಭಾರದ ದಿನವೇ ಉಪವಾಸಾನಾ?" ಅಖಿಲಾ ತಲೆಯ ಮೇಲೆ ಕೈಯಿಟ್ಟುಕೊಂಡಳು. "ನಾನೂ ಕೇಳಲಿಲ್ಲ, ನೀವೂ ಹೇಳಲಿಲ್ಲ."

ಹೇಳಬೇಕೆಂದು ಹೇಮಾಕ್ಷಿಗೆ ಹೊಳೆದಿರಲೇ ಇಲ್ಲ. ಮದುವೆಯಾದಂದಿನಿಂದ ಶನಿವಾರದ ಒಪ್ಪತ್ತು ಅವಳಿಗೆ ಉಸಿರಾಟದಷ್ಟು ಅಭ್ಯಾಸ. ಅದೂ ಅವಳು ಹೊತ್ತ ಹರಕೆಯಲ್ಲ. ಮಗನಿಗೆ ನೌಕರಿ ಸಿಕ್ಕರೆ, ಸೊಸೆಯಾಗಿ ಬರುವವಳು ಆಯುಸ್ಸಿಡೀ ಶನಿವಾರ ಒಪ್ಪತ್ತು ಮಾಡುತ್ತಾಳೆಂದು ಸೂರ್ಯಕಾಂತಮ್ಮ ವೆಂಕಟರಮಣನಿಗೆ ಮಾತು ಕೊಟ್ಟಿದ್ದರು.

ಅವಳು ಅತ್ತೆಯ ಮಂಚದ ಮುಂದೆ ನಿಂತಳು. ಧ್ವನಿ ಏರಲಿಲ್ಲ.

"ನೌಕರಿ ನಿಮ್ಮ ಮಗನಿಗೆ, ಹರಕೆ ನಿಮ್ಮದು, ಹಸಿವು ಮಾತ್ರ ನನಗ್ಯಾಕೆ? ನಾನು ಯಾರು ಅಂತ ಗೊತ್ತಿಲ್ಲದಾಗಲೇ ನನ್ನ ಹೊಟ್ಟೆ ಬರೆದುಕೊಟ್ರಿ. ನಿಮ್ಮನ್ನ ಒಂದು ಮಾತೂ ಕೇಳದೆ ಸಾಗಿಸ್ತಾರೆ ಅಂತ ಕಿಟಕಿ ನೋಡ್ಕೊಂಡು ಕೂತಿದೀರಲ್ಲ, ನನ್ನನ್ನ ಯಾರು ಕೇಳಿದ್ರು?"

ಸೂರ್ಯಕಾಂತಮ್ಮ ಕಿಟಕಿ ಬಿಟ್ಟು ಸೊಸೆಯ ಕಡೆ ತಿರುಗಿದರು.

"ಯಾರೂ ಕೇಳಲಿಲ್ಲ," ಎಂದರು. "ಅಡಿಗಿಮನ್ಯಾಗ ಅನ್ನ ಐತೇನು? ಹೋಗಿ ಉಣ್ಣು. ಇನ್ನ ಮ್ಯಾಲೆ ಶನಿವಾರದ ಒಪ್ಪತ್ತು ನಾನಿರ್ತೀನಿ."

ಮುಂದಿನ ಶನಿವಾರ ಬಾಬ್ಜಿಯ ಕಾರು ಬಾಗಿಲಿಗೆ ಬಂದಾಗ ಹೇಮಾಕ್ಷಿ ಮುದ್ದೆ ಉಂಡು ಕೈತೊಳೆದಿದ್ದಳು. ಸೂರ್ಯಕಾಂತಮ್ಮ ಒಂದು ಲೋಟ ಹಾಲಷ್ಟೇ ಕುಡಿದಿದ್ದರು. "ಹೊರಡೋಣಮ್ಮಾ," ಎಂದ ಬಾಬ್ಜಿ. ಆಕೆ ಮಂಚದ ಕಂಬಿ ಹಿಡಿದು, ಮೆಲ್ಲಗೆ ಜಾರಿ, ಚಾಪೆಯ ಮೇಲೆ ಕುಳಿತುಬಿಟ್ಟರು.

"ಈ ಮನ್ಯಾಗ ಎತ್ತೋರಿಲ್ಲ ಅಂದ್ರಲ್ಲ. ಗಂಡುಮಕ್ಕಳು ಇಬ್ಬರಿದ್ದೀರಿ. ಎತ್ರಿ."

ಇಬ್ಬರೂ ಕಂಕುಳಿಗೆ ಕೈಹಾಕಿ ಎಳೆದರು. ಒಬ್ಬ ಎಡಕ್ಕೆ, ಇನ್ನೊಬ್ಬ ಬಲಕ್ಕೆ. ಆಕೆ ನೋವಿನಿಂದ ನರಳಿದರು, ಮೇಲೇಳಲಿಲ್ಲ. ಕೃಷ್ಣಪ್ರಸಾದ ಬೆನ್ನು ಹಿಡಿದುಕೊಂಡು ಗೋಡೆಗೊರಗಿದ.

"ಪಕ್ಕಕ್ಕೆ ಸರೀರಿ," ಎಂದಳು ಹೇಮಾಕ್ಷಿ.

ಹಳೆಯ ಮಂಗಳಗಿರಿ ಸೀರೆಯನ್ನು ಪಟ್ಟಿಯಾಗಿ ಮಡಿಸಿ ಅತ್ತೆಯ ಬೆನ್ನ ಹಿಂದಿನಿಂದ ಸುತ್ತಿದಳು. ಎದುರಿಗೆ ಮಂಡಿ ಮಡಿಸಿ, ಆಕೆಯನ್ನು ಎದೆಗವಚಿಕೊಂಡು, ಉಸಿರು ಬಿಡುತ್ತ ಎದ್ದಳು. ತೊಡೆ ನಡುಗಿತು, ಬೆನ್ನು ಬಾಗಲಿಲ್ಲ. ಸೂರ್ಯಕಾಂತಮ್ಮ ಕುರ್ಚಿಯಲ್ಲಿದ್ದರು.

ಬಾಬ್ಜಿ ಕಾರಿನ ಕೀಲಿಯನ್ನು ಬೆರಳಲ್ಲಿ ತಿರುಗಿಸಿದ. "ಇವತ್ತೇನೋ ಎತ್ತಿದಿರಿ ವದಿನಾ. ದಿನಾ ನಿಮ್ಮ ಕೈಲಾಗುತ್ತಾ?"

"ದಿನಾ ನಾನೊಬ್ಬಳೇ ಯಾಕೆ ಎತ್ತಲಿ? ಹೆತ್ತ ಮಕ್ಕಳಿಗೆ ತೋಳಿಲ್ವಾ? ಭಾನುವಾರ ನನಗೆ ರಜೆ."

ಅವಳು ಇನ್ನೊಂದು ಕುರ್ಚಿ ತಂದು ಗಂಡನ ಮುಂದೆ ಕುಕ್ಕಿದಳು.

"ಕೂತ್ಕೊಳ್ಳಿ. ಈಗ ಕೈಯೂರದೆ ಏಳಿ."

ಅವನು ತಮ್ಮನನ್ನು ನೋಡಿದ, ತಾಯಿಯನ್ನು ನೋಡಿದ. ಯಾರೂ ನಗಲಿಲ್ಲ. ಕುಳಿತ, ಅರ್ಧ ಎದ್ದು, ಮತ್ತೆ ಕುಸಿದ.

"ಬೆನ್ನು ನೆಟ್ಟಗಿಡೋ," ಎಂದರು ಸೂರ್ಯಕಾಂತಮ್ಮ.